ಬೆಂಗಳೂರಲ್ಲಿ ಹುಲಿ, ಉಪ್ಪಿನಂಗಡಿಯಲ್ಲಿ ಇಲಿ

ನನ್ನ ಹತ್ತಿರ ಒಂದು ಹಳೇ ಮಾರುತಿ ಝೆನ್ ಕಾರಿದೆ, ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್ ಇರುವಂಥದ್ದು. 993 ಸಿಸಿ, ನಾಲ್ಕು ಸಿಲಿಂಡರ್, ಪೂರ್ತಿ ಅಲ್ಯುಮಿನಿಯಂ ಇಂಜಿನ್. ಆರ್‌ಪಿಎಂ ಏರಿಸಿದಷ್ಟೂ ಖುಷಿಯಾಗಿ ಓಡುವ ಇಂಜಿನ್ ಅದು, ಅದಕ್ಕೇ ಇದರ ಮೇಲೆ ಕೈಯಾಡಿಸುವವರು ಈಗಲೂ ಇದ್ದಾರೆ. ಎರಡು ವರ್ಷದ ಹಿಂದೆ ನಾನೂ ಶುರು ಮಾಡಿದೆ.

0.5 ಎಂಎಂ ಓವರ್‌ಸೈಜ್ ಪಿಸ್ಟನ್ ಹಾಕಿಸಲು ಬೋರ್ ಹೊಡೆಸಿದೆ, ಅಂದರೆ ಸಿಲಿಂಡರ್ ತೂತುಗಳನ್ನು ಅಷ್ಟು ಅಗಲ ಮಾಡಿಸಿದೆ. ಸಿಸಿ ಜಾಸ್ತಿ ಆಗುತ್ತೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಲೆಕ್ಕ ಹಾಕಿ ನೋಡಿದರೆ 993 ಹೋಗಿ 1007 ಆಗಿತ್ತು, ಅಷ್ಟೇ. 14 ಸಿಸಿ! ಮೂರು ಚಮಚ ಔಷಧಿಯಷ್ಟೂ ಇಲ್ಲ. ನಿಜವಾಗಿ ಇಂಜಿನ್ ಸ್ವಭಾವ ಬದಲಾಗಿದ್ದು ಹೆಡ್ ಫೇಸಿಂಗ್‌ನಿಂದ. ಸಿಲಿಂಡರ್ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿನ ಕೆಳಮೈ ಸವರಿ ತೆಗೆಯುವ ಕೆಲಸ ಅದು; ಒಳಗಿನ ಜಾಗ ಕಿರಿದಾಗಿ ಕಂಪ್ರೆಶನ್, ಅಂದರೆ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, ಏರುತ್ತದೆ. ಲೇತಿನವನು "ಎಷ್ಟು ತೆಗೀಲಿ ಸಾರ್" ಅಂದ. ನಾನು ಜಂಬದಿಂದ "ಒಂದು ಎಂಎಂ ತೆಗಿಯಣ್ಣ" ಅಂದೆ. ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ಗುಳಿ, ಅಂದರೆ ಕಂಬಶ್ಚನ್ ಚೇಂಬರ್, ಎಷ್ಟು ಸಿಸಿ ಇದೆ ಅಂತ ನಾನೂ ಅಳೆಯಲಿಲ್ಲ, ಅವನೂ ಕೇಳಲಿಲ್ಲ. ಬಿಡಿಭಾಗಗಳ ಅಂಗಡಿ ಇರುವ ಜೆ.ಸಿ. ರಸ್ತೆ ಸುತ್ತಿ, ಹೆಡ್ ಕೆಳಗೆ ಸಂದು ಮುಚ್ಚಲು ಹಾಕುವ ಗ್ಯಾಸ್ಕೆಟ್ ಸೆಟ್ ತಂದೆ. ಇಂಜಿನ್ ಕೂರಿಸಿದ ಮೇಲೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸ್ವಲ್ಪ ತಿರುಗಿಸಿ ಟೈಮಿಂಗ್ ಅಡ್ವಾನ್ಸ್ ಮಾಡಿಕೊಂಡೆ, ಅಂದರೆ ಕಿಡಿ ತುಸು ಬೇಗ ಹಾರುವ ಹಾಗೆ. ಮೆಕ್ಯಾನಿಕ್ ಬೇಡ ಅಂದಿದ್ದರು, ಕೇಳಲಿಲ್ಲ. ಬೆಂಗಳೂರಲ್ಲಿ ಗಾಡಿ ಹುಲಿ ಥರ ಓಡಿತು. ತುಮಕೂರು ರಸ್ತೆಯಲ್ಲಿ ಮೂರನೇ ಗೇರ್ ಎಳೆಯುವಾಗ ಒಂದೇ ಒಂದು ಅಪಸ್ವರ ಇರಲಿಲ್ಲ.

ಏಪ್ರಿಲ್‌ನಲ್ಲಿ ಮಂಗಳೂರಿಗೆ ಹೊರಟೆವು. ಶಿರಾಡಿ ಘಾಟಿ ಇಳಿಯುವಾಗ ಏನೂ ಇಲ್ಲ, ಇಳಿಜಾರಲ್ಲಿ ಇಂಜಿನ್‌ಗೆ ಏನು ಕೆಲಸ. ಉಪ್ಪಿನಂಗಡಿ ದಾಟಿ ಒಂದು ಸಣ್ಣ ಏರು ಸಿಕ್ಕಿತು ನೋಡಿ, ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಸದ್ದು. ಇಂಜಿನ್ ಕುಟ್ಟುತ್ತಿತ್ತು, ಅಂದರೆ ಮಿಶ್ರಣ ಕ್ರಮವಾಗಿ ಉರಿಯದೆ ತಾನಾಗಿ ಸಿಡಿಯುತ್ತಿತ್ತು. ಪೆಟ್ರೋಲ್ ಸರಿ ಇಲ್ಲ ಅಂತ ಬೈದುಕೊಂಡು ಮುಂದೆ ಹೋದೆ. ವಾಪಸ್ ಬರುವಾಗ ಗುಂಡ್ಯ ಬಿಟ್ಟು ಘಾಟಿ ಹತ್ತುತ್ತಾ, ಮುಂದೊಂದು ಲಾರಿ, ಎರಡನೇ ಗೇರ್, ಎಕ್ಸಲರೇಟರ್ ಪೂರ್ತಿ ಕೆಳಗೆ, ಆಗ ಟೆಂಪರೇಚರ್ ಮುಳ್ಳು ಏರಿತು, ಇಂಜಿನ್ ಎರಡು ಸಿಲಿಂಡರ್ ಸತ್ತ ಹಾಗೆ ನಡುಗಿತು. ಕೊನೆಗೆ ಟೋಯಿಂಗ್ ಗಾಡಿಯ ಬೆನ್ನೇರಿ ಬೆಂಗಳೂರಿಗೆ ಬಂತು.

ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿದೆವು. ಒಂದು ಮತ್ತು ನಾಲ್ಕನೇ ಸಿಲಿಂಡರಿನಲ್ಲಿ ಒತ್ತಡ 185 ಪಿಎಸ್ಐ ಆಸುಪಾಸು. ಎರಡು ಮತ್ತು ಮೂರರಲ್ಲಿ 90. ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೂ ಅದೇ 90. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಪ್ರೆಶರ್ ಏರಬೇಕಿತ್ತು. ಅದೂ ಅಲ್ಲದೆ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ ಅಂದರೆ ಹೆಚ್ಚಿನ ಸಲ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತೆ. ಹೆಡ್ ಎತ್ತಿದರೆ ಅದೇ, ಎರಡು ಮೂರರ ನಡುವಿನ ಪಟ್ಟಿ ಸುಟ್ಟು ಕರಕಲು. ಎರಡನೇ ಪಿಸ್ಟನ್ನಿನ ಅಂಚಲ್ಲಿ ಮೊಳೆಯಿಂದ ಚುಚ್ಚಿದಂಥ ಸಣ್ಣ ಗುಳಿಗಳು, ಕುಟ್ಟಿದ್ದರ ಗುರುತು.

ಬೆಂಗಳೂರಲ್ಲಿ ಯಾಕೆ ಕುಟ್ಟಲಿಲ್ಲ? ಇದೇ ನನ್ನನ್ನು ವಾರಗಟ್ಟಲೆ ಕೊರೆದಿದ್ದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಕರಾವಳಿಗಿಂತ ಎಂಟು ಹತ್ತು ಪರ್ಸೆಂಟ್ ತೆಳು. ಅಂದರೆ ನನ್ನ ಇಂಜಿನ್ ಇಲ್ಲಿ ಯಾವತ್ತೂ ಹೊಟ್ಟೆ ತುಂಬ ಉಂಡೇ ಇರಲಿಲ್ಲ, ಹಾಗಾಗಿ ಜಾಸ್ತಿ ಕಂಪ್ರೆಶನ್ನನ್ನೂ ಜಾಸ್ತಿ ಟೈಮಿಂಗನ್ನೂ ತಡೆದುಕೊಂಡಿತ್ತು. ಕೆಳಗಿಳಿದ ಕೂಡಲೇ ಸಿಲಿಂಡರ್ ಪೂರ್ತಿ ತುಂಬಿತು. ಕಾರ್ಬುರೇಟರ್ ಮಾತ್ರ ಗಾಳಿ ದಟ್ಟವಾದಷ್ಟೇ ಪೆಟ್ರೋಲ್ ಹೆಚ್ಚಿಸುವುದಿಲ್ಲ, ಗಾಳಿ ಹತ್ತು ಪರ್ಸೆಂಟ್ ಹೆಚ್ಚಿದರೆ ಪೆಟ್ರೋಲ್ ಸುಮಾರು ಐದೇ ಪರ್ಸೆಂಟ್. ಹಾಗಾಗಿ ಮಿಶ್ರಣ ಲೀನ್ ಆಯಿತು, ಅಂದರೆ ಪೆಟ್ರೋಲ್ ಕಮ್ಮಿಯಾಯಿತು, ಕುಟ್ಟೋಕೆ ಇನ್ನೊಂದು ಕಾರಣ. ಮೇಲೆ ಏಪ್ರಿಲ್ ಸೆಖೆ ಬೇರೆ. ಪಾಪ, ಪೆಟ್ರೋಲ್ ಬಂಕಿನವರನ್ನು ಸುಮ್ನೆ ಬೈದಿದ್ದೆ.

ಆಮೇಲೆ ಅಕ್ರಿಲಿಕ್ ತುಂಡೊಂದನ್ನು ಹೆಡ್ ಮೇಲೆ ಗ್ರೀಸ್ ಹಚ್ಚಿ ಕೂರಿಸಿ, ಸಿರಿಂಜಿನಲ್ಲಿ ಆಯಿಲ್ ಬಿಟ್ಟು ಚೇಂಬರ್ ಅಳೆದೆ. ಗ್ಯಾಸ್ಕೆಟ್ ದಪ್ಪ ಎಲ್ಲಾ ಸೇರಿಸಿದರೆ ಪಿಸ್ಟನ್ ಮೇಲೆ ಸುಮಾರು 28 ಸಿಸಿ ಜಾಗ. ಕಂಪ್ರೆಶನ್ ಹೆಚ್ಚುಕಡಿಮೆ 10ಕ್ಕೆ ಒಂದು! ಈ ಅರ್ಧ ಗಂಟೆಯ ಕೆಲಸ ಮೊದಲೇ ಮಾಡಿದ್ದರೆ ಒಂದು ಪಿಸ್ಟನ್ ಉಳಿಯುತ್ತಿತ್ತು ಅಲ್ವಾ.

ಈಗ ದಪ್ಪ ಗ್ಯಾಸ್ಕೆಟ್ ಹಾಕಿದ್ದೇನೆ, ಚೇಂಬರಿನ ಚೂಪು ಅಂಚುಗಳನ್ನು ಉಜ್ಜಿ ನುಣುಪು ಮಾಡಿದ್ದೇನೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ತೂತು, ಅಂದರೆ ಮೇನ್ ಜೆಟ್, ಒಂದು ಸೈಜ್ ದೊಡ್ಡದು. ಡಿಸ್ಟ್ರಿಬ್ಯೂಟರ್ ಮೇಲೆ ಬಿಳಿ ಪೇಂಟಿನಲ್ಲಿ ಎರಡು ಗೆರೆ ಎಳೆದಿದ್ದೇನೆ, ಪಕ್ಕದಲ್ಲಿ 'ಬೆಂ' ಮತ್ತು 'ಮಂ' ಅಂತ ಬರೆದಿದೆ. ಹೋದ ತಿಂಗಳು ಗುಂಡ್ಯದಲ್ಲಿ ನಿಲ್ಲಿಸಿ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದಾಗ ಹೆಂಡತಿ ಟೀ ಕುಡಿಯುತ್ತಾ, "ಬಸ್ಸಲ್ಲಿ ಹೋಗಿದ್ರೆ ಇಷ್ಟೊತ್ತಿಗೆ ಊಟಕ್ಕೆ ಕೂತಿರ್ತಿದ್ವಿ" ಅಂದಳು. ಆದರೆ ಘಾಟಿಯಲ್ಲಿ ಕಡಲೆಕಾಳಿನ ಸದ್ದು ಬರಲಿಲ್ಲ.