ಸೈಕಲ್ ಯಾಕೆ ತುಳಿಯಬೇಕು, ದುಡ್ಡು ಕೊಟ್ಟರೆ ಸಾಲದೆ?

ಫೆಬ್ರವರಿ ಹತ್ತಿರ ಬಂತೆಂದರೆ ನೆಂಟರು, ಪಕ್ಕದ ತೋಟದವರು ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಕುಡಿಯೋ ನೀರಿಗೆ ದುಡ್ಡು ಬೇಕಾದ್ರೆ ನಾವು ಹಾಗೇ ಕೊಡ್ತೀವಲ್ಲ. ಅದಕ್ಕೆ ಇನ್ನೂರು ಕಿಲೋಮೀಟರ್ ಸೈಕಲ್ ಯಾಕೆ ತುಳೀಬೇಕು?"

ನಾವು ಏಳೆಂಟು ಗೆಳೆಯರು ಮೂಡಿಗೆರೆಯಿಂದ ಹೊರಟು ಚಿಕ್ಕಮಗಳೂರು, ಕಡೂರು, ಬಾಣಾವರ ದಾಟಿ ಮೊದಲ ರಾತ್ರಿ ಅರಸೀಕೆರೆ ಸೇರುತ್ತೇವೆ. ಮರುದಿನ ಹಾಸನ, ಬೇಲೂರಿನ ಮೇಲೆ ವಾಪಸ್. ಕಿಲೋಮೀಟರಿಗೆ ಒಂದು ರೂಪಾಯಿಯೋ ಐದೋ ಕೊಡುತ್ತೇವೆಂದು ಪರಿಚಯದವರು ಮೊದಲೇ ಮಾತು ಕೊಟ್ಟಿರುತ್ತಾರೆ. ಆ ಹಣ ಬಯಲುಸೀಮೆಯ ಹಳ್ಳಿಗಳ ಕುಡಿಯುವ ನೀರಿಗೆ ಹೋಗುತ್ತದೆ.

ಇದರ ಬೀಜ ಬಿದ್ದದ್ದು ಕಾಫಿ ಕೊಯ್ಲಿನಲ್ಲಿ. ಅರಸೀಕೆರೆ ಕಡೆಯಿಂದ ನಮ್ಮ ತೋಟಕ್ಕೆ ಬಂದಿದ್ದ ಒಂದು ಕುಟುಂಬ ಕೊಯ್ಲು ಮುಗಿಸಿ ಊರಿಗೆ ಹೊರಟಾಗ, ಗಂಟುಮೂಟೆಯ ಜೊತೆ ನಮ್ಮ ಬಾವಿಯ ನೀರನ್ನು ಎರಡು ಕ್ಯಾನಿಗೆ ತುಂಬಿಕೊಂಡಿತು. ಬಸ್ಸಿನಲ್ಲಿ ಅಷ್ಟು ದೂರ ನೀರು ಹೊರುವುದೇ ಎಂದೆ. "ದೊಡ್ಡ ಹುಡುಗನ ಹಲ್ಲು ನೋಡಿ ಗೌಡ್ರೇ. ಚಿಕ್ಕೋನಿಗೂ ಹಂಗಾಗಬಾರದು," ಎಂದಳು ತಾಯಿ. ಹುಡುಗ ಬಾಯಿ ಮುಚ್ಚಿಕೊಂಡ. ಅಷ್ಟರಲ್ಲೇ ಹಲ್ಲಿನ ಮೇಲಿನ ಕಂದು ಗೆರೆಗಳು ಕಂಡವು. ಎರಡು ಕ್ಯಾನು ಎಷ್ಟು ದಿನ ಬಂದೀತು?

ಅದು ಫ್ಲೋರೈಡ್. ಆ ಕಡೆ ಮಳೆ ಕಡಿಮೆ, ಬಾವಿಗಳು ಬತ್ತಿ ಬೋರು ಆಳಕ್ಕೆ ಇಳಿಯುತ್ತಲೇ ಇದೆ. ಆಳದ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಹೀರಿಕೊಳ್ಳುತ್ತದೆ. ಬೇರೆ ನೀರೇ ಇಲ್ಲದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕೆಡುತ್ತದೆ, ವರ್ಷಗಟ್ಟಲೆ ಕುಡಿದವರ ಕೀಲು, ಮೂಳೆ ಬಿಗಿಯುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ.

ಈಗ ಸೈಕಲ್ಲಿನ ಮಾತು. ಮೊದಲ ವರ್ಷ ನಾವೂ ಹಣ ಕೂಡಿಸಿ ಒಂದು ಊರಿಗೆ ಹೊಸ ಶುದ್ಧ ನೀರಿನ ಘಟಕ ಕಟ್ಟಿಸೋಣ ಎಂದುಕೊಂಡೇ ಹೊರಟವರು. ಚಿಕ್ಕಮಗಳೂರು ದಾಟುತ್ತಲೇ ಸಿಲ್ವರ್ ಓಕ್ ನೆರಳು ತಪ್ಪಿತು. ಸಖರಾಯಪಟ್ಟಣದ ಹೊತ್ತಿಗೆ ಬಿಸಿಲು ನೆತ್ತಿಗೆ ಹತ್ತಿತು. ಕಡೂರು ಬಿಟ್ಟ ಮೇಲೆ ತೆಂಗು, ರಾಗಿ ಹೊಲ, ಒಣಗಾಳಿ. ಮೂಡಿಗೆರೆಯಲ್ಲಿ ವರ್ಷದ ಮಳೆ 80 ಇಂಚು ದಾಟುತ್ತದೆ, ಅರಸೀಕೆರೆಗೆ ಅದರ ಮೂರನೇ ಒಂದು ಪಾಲು ಬಿದ್ದರೆ ಹೆಚ್ಚು. ಈ ಎರಡು ಊರುಗಳ ನಡುವೆ ಇರುವುದು ಸೈಕಲ್ಲಿಗೆ ಒಂದೇ ದಿನದ ದಾರಿ! ಕಾರಿನಲ್ಲಿ ನಾನು ಎಷ್ಟೋ ಸಲ ಹೋಗಿದ್ದೆ, ಮನೆಯ ನೀರು ಬಾಟಲಿಯಲ್ಲಿ ಇರುತ್ತಿತ್ತು, ಎಲ್ಲೂ ನಿಂತಿರಲಿಲ್ಲ.

ಬಾಣಾವರದ ಹತ್ತಿರ ಬಾಟಲಿಗಳೆಲ್ಲ ಖಾಲಿ. ಒಂದು ಮನೆಯ ಮುಂದಿನ ನಲ್ಲಿಗೆ ಬಾಟಲಿ ಹಿಡಿದೆ. ಜಗಲಿಯಲ್ಲಿದ್ದ ಅಜ್ಜಿ ತಡೆದರು. "ಬ್ಯಾಡ ಕಣಪ್ಪ, ಅದು ದನಕರಕ್ಕೆ. ಇರು, ಫಿಲ್ಟರ್ ನೀರು ಕೊಡ್ತೀನಿ." ಮೊಣಕಾಲು ಮಡಚಲಾಗದೆ ಗೋಡೆ ಹಿಡಿದು ಎದ್ದರು. ಅವರ ಊರಲ್ಲೇ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕೊಡುವ ಘಟಕ ಇತ್ತು, ಆದರೆ ಬೀಗ ಬಿದ್ದಿತ್ತು. ಮಗ ಪಕ್ಕದೂರಿನಿಂದ ಬೈಕಿನಲ್ಲಿ ಕ್ಯಾನ್ ತರುತ್ತಿದ್ದ. ಆ ನೀರನ್ನೇ ನಮ್ಮ ಏಳು ಬಾಟಲಿಗೂ ತುಂಬಿದರು. ಬೇಡವೆಂದರೂ ಕೇಳಲಿಲ್ಲ.

ಘಟಕಕ್ಕೆ ಬೇಕಿದ್ದದ್ದು ಹೊಸ ಮೆಂಬ್ರೇನ್, ಅಂದರೆ ನೀರು ಸೋಸುವ ತೆಳು ಪೊರೆ, ಮತ್ತು ಮೋಟರ್ ರಿಪೇರಿ, ಅಷ್ಟೇ. ಗಡಸು ನೀರಿಗೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಹೊಸದು ಕಟ್ಟಿಸಿ ಹೆಸರಿನ ಕಲ್ಲು ನಿಲ್ಲಿಸಲು ದಾನಿಗಳು ಸಿಗುತ್ತಾರೆ, ಮೂರನೇ ವರ್ಷದ ಮೆಂಬ್ರೇನಿಗೆ ಯಾರೂ ಸಿಗುವುದಿಲ್ಲ. ನಮ್ಮ ಹಣವೆಲ್ಲ ಈಗ ರಿಪೇರಿಗೆ, ಕಾರ್ಟ್ರಿಜ್‌ಗೆ, ನೀರಿನ ಪರೀಕ್ಷೆಗೆ ಹೋಗುತ್ತದೆ. ಯಾವ ಊರಿನ ಘಟಕ ನಿಂತಿದೆ ಎಂಬುದನ್ನು ದಾರಿಯುದ್ದಕ್ಕೂ ನೀರು ಕೇಳಿಯೇ ತಿಳಿದುಕೊಳ್ಳುತ್ತೇವೆ. ಬಾಯಾರಿ ಬಂದವರ ಹತ್ತಿರ ಜನ ನಿಜ ಹೇಳುತ್ತಾರೆ. ಪಟ್ಟಿ ಹಿಡಿದು ಕಾರಿನಿಂದ ಇಳಿದವರ ಹತ್ತಿರ ಅರ್ಜಿ ಕೊಡುತ್ತಾರೆ.

ಕಳೆದ ವರ್ಷ ಅದೇ ಜಗಲಿಯಲ್ಲಿ ಕೂತೆವು. ಅಜ್ಜಿ ಚೊಂಬು ತುಂಬಿ ತಂದರು. ಎಲ್ಲಿಯ ನೀರಜ್ಜಿ ಎಂದು ಕೇಳಿದೆ. "ನಮ್ಮೂರದ್ದೇ ಕಣಪ್ಪ," ಎಂದರು.

ಆ ಘಟಕಕ್ಕೆ ಈ ಬಾರಿ ಮತ್ತೆ ಮೆಂಬ್ರೇನ್ ಬದಲಿಸಬೇಕು. ಫೆಬ್ರವರಿಯ ಎರಡನೇ ಶನಿವಾರ ಬೆಳಗಿನ ಜಾವ ಐದೂವರೆಗೆ ಹೊರಡುತ್ತೇವೆ.