ಬೆಂಗಳೂರಿನ ಜನಸಂಖ್ಯೆ: ಮೊದಲು ಗಡಿ ನೋಡಿ

2001ರಲ್ಲಿ 43 ಲಕ್ಷವಿದ್ದ ಬೆಂಗಳೂರು 2011ಕ್ಕೆ 84 ಲಕ್ಷವಾಯಿತು, ಹತ್ತೇ ವರ್ಷದಲ್ಲಿ ದುಪ್ಪಟ್ಟು ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಎರಡೂ ಅಂಕಿ ಸರಿ, ಹೋಲಿಕೆ ತಪ್ಪು. ಮೊದಲನೆಯದು ಸುಮಾರು 226 ಚದರ ಕಿ.ಮೀ. ಇದ್ದ ಹಳೆಯ ಮಹಾನಗರ ಪಾಲಿಕೆಯದ್ದು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದಾಗ ವಿಸ್ತೀರ್ಣ 700 ಚದರ ಕಿ.ಮೀ. ದಾಟಿತು. ಅಲ್ಲಿ ಮೊದಲೇ ಇದ್ದವರೂ ನಗರದ ಲೆಕ್ಕಕ್ಕೆ ಬಂದರು.

ಬೆಳವಣಿಗೆ ಅಳೆಯಲು ಗಡಿ ಬದಲಾಗದ ಘಟಕ ಬೇಕು. ಬೆಂಗಳೂರು ನಗರ ಜಿಲ್ಲೆ ಅದಕ್ಕೆ ಒಳ್ಳೆಯದು: 2001ರಲ್ಲಿ 65.37 ಲಕ್ಷ, 2011ರಲ್ಲಿ 96.21 ಲಕ್ಷ. ಏರಿಕೆ ಶೇ 47. ಅದೇ ಹತ್ತು ವರ್ಷದಲ್ಲಿ ರಾಜ್ಯದ್ದು ಶೇ 15.6 ಮಾತ್ರ.

ಮುಂದಿನ ಎಡವಟ್ಟು ಭಾಗಾಕಾರದಲ್ಲಿ. 47ನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ 4.7 ಎಂದುಕೊಂಡು, ಅದನ್ನೇ ಚಕ್ರಬಡ್ಡಿಯಂತೆ ಬೆಳೆಸಿದರೆ 2026ಕ್ಕೆ ಜಿಲ್ಲೆಯಲ್ಲಿ ಸುಮಾರು 192 ಲಕ್ಷ ಜನ ಬರುತ್ತಾರೆ. ಸರಿಯಾದ ಕ್ರಮ ಹೀಗೆ: 96.21ನ್ನು 65.37ರಿಂದ ಭಾಗಿಸಿ (1.472), ಅದರ ಹತ್ತನೇ ಮೂಲ (ಹತ್ತು ಸಲ ಬರೆದು ಗುಣಿಸಿದರೆ 1.472 ಬರುವ ಸಂಖ್ಯೆ) ತೆಗೆಯಿರಿ. ಸಿಗುವುದು 1.0394, ಅಂದರೆ ಶೇ 3.94. ಈ ದರದಲ್ಲಿ 2026ಕ್ಕೆ ಸುಮಾರು 172 ಲಕ್ಷ. ವ್ಯತ್ಯಾಸ ಹತ್ತಿರ ಹತ್ತಿರ 20 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ 27 ಕೋಟಿ ಲೀಟರ್ ನೀರು! ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತದ ಒಟ್ಟು ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಆ ಹಂತ ಮುಖ್ಯವಾಗಿ 2007ರಲ್ಲಿ ಸೇರಿದ 110 ಹಳ್ಳಿಗಳಿಗೆ. ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಟ್ಯಾಂಕರ್, ಬೋರ್‌ವೆಲ್ ನೆಚ್ಚಿಕೊಂಡು ಬದುಕಿದವರಿಗೆ ಇದು ಬರೀ ಅಂಕಿಯ ವಿಷಯವಲ್ಲ.

ಆದರೆ 172 ಲಕ್ಷವೂ ಜನಗಣತಿಯ ಅಂಕಿಯಲ್ಲ, ಹಳೆಯ ವೇಗವೇ ಮುಂದುವರಿದರೆ ಎಂಬ ಊಹೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆ ಹೆರುವ ಸರಾಸರಿ ಮಕ್ಕಳ ಸಂಖ್ಯೆ, 1.7. ತಲೆಮಾರು ತನ್ನ ಸಂಖ್ಯೆ ಉಳಿಸಿಕೊಳ್ಳಲು 2.1 ಬೇಕು. ಹಾಗಾಗಿ ನಗರದ ಏರಿಕೆ ಇನ್ನು ಹೆರಿಗೆ ವಾರ್ಡಿಗಿಂತ ಹೆಚ್ಚಾಗಿ ಬಸ್ಸು, ರೈಲು ಇಳಿದು ಬರುವವರ ಮೇಲೆ ನಿಂತಿದೆ. ಕೆಲಸ ಕಡಿಮೆಯಾದರೆ ಆ ವೇಗ ಒಂದೇ ವರ್ಷದಲ್ಲಿ ಕುಸಿಯಬಹುದು.

ಸರಾಸರಿಯೂ ದಾರಿ ತಪ್ಪಿಸುತ್ತದೆ. 84 ಲಕ್ಷವನ್ನು ಬಿಬಿಎಂಪಿಯ ಆಗಿನ 198 ವಾರ್ಡ್‌ಗಳಿಗೆ ಹಂಚಿದರೆ ತಲಾ 42–43 ಸಾವಿರ. 2011ರಲ್ಲಿ ಹೊರಮಾವು ವಾರ್ಡ್ ಒಂದರಲ್ಲೇ 95 ಸಾವಿರ ಜನರಿದ್ದರು. ವಾರ್ಡ್ ಗಡಿ ಎಳೆದದ್ದು 2001ರ ಜನಗಣತಿಯ ಆಧಾರದ ಮೇಲೆ. ಅಷ್ಟರಲ್ಲಿ ಹೊರವಲಯ ತುಂಬಿಕೊಂಡಿತ್ತು. ಪಾಲಿಕೆಯಲ್ಲಿ ಮಾತ್ರ ಅಷ್ಟು ಜನಕ್ಕೂ ಒಬ್ಬರೇ ಸದಸ್ಯರಿದ್ದರು.

ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ. ಬಿಬಿಎಂಪಿ ಜಾಗದಲ್ಲಿ ಈಗ ಐದು ಪಾಲಿಕೆಗಳಿವೆ. ಅಂಕಿ ಬಂದಾಗ ಐದನ್ನೂ ಕೂಡಿಸಿ, ಹೊಸ ಪ್ರದೇಶ ಸೇರಿದ್ದರೆ ಅದನ್ನು ಕಳೆದು, ಆಮೇಲೆ 84 ಲಕ್ಷದ ಪಕ್ಕಕ್ಕಿಡಿ.