ವ್ಯಾಪಾರಕ್ಕೆಂದೇ ಕಟ್ಟಿದ ಊರಿನಲ್ಲಿ ಒಂದು ದಿನ

ಮೊರಾಕ್ಕೋದ ಮರಾಕೆಶ್ ನಗರದ ಹಳೇ ಪೇಟೆಯಲ್ಲಿ ಹೊಸಬರು ದಾರಿ ತಪ್ಪದೆ ನಡೆಯುವುದು ಆಗದ ಮಾತು. ಅಲ್ಲಿಂದ ಬಸ್ಸು ಹತ್ತಿ ಮೂರು ಗಂಟೆ ಪಶ್ಚಿಮಕ್ಕೆ ಬಂದರೆ ಅಟ್ಲಾಂಟಿಕ್ ದಡದಲ್ಲಿ ಎಸ್ಸಾವಿರಾ. ಇಲ್ಲಿನ ದೊಡ್ಡ ಬೀದಿಗಳು ನೇರ. ಕೋಟೆ ಬಾಗಿಲು ದಾಟಿ ನಿಂತರೆ ಸಾಕು, ಬೀದಿ ಬಹುದೂರದವರೆಗೆ ಕಾಣುತ್ತದೆ.

ಕಾರಣ ಇದೆ. 1760ರ ದಶಕದಲ್ಲಿ ಸುಲ್ತಾನ ಮೊಹಮ್ಮದ್ ಬಿನ್ ಅಬ್ದುಲ್ಲಾ ಯುರೋಪಿನ ಜೊತೆ ವ್ಯಾಪಾರ ಮಾಡಲೆಂದೇ ಈ ಊರು ಕಟ್ಟಿಸಿದ. ದಕ್ಷಿಣದ ಅಗಾದಿರ್ ಬಂದರು ಅವನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಲ್ಲಿನ ವ್ಯಾಪಾರವನ್ನೆಲ್ಲ ಇಲ್ಲಿಗೆ ತಿರುಗಿಸಿದ. ನಕ್ಷೆ ಹಾಕಿದವರಲ್ಲಿ ಥಿಯೊಡೋರ್ ಕೊರ್ನ್ಯೂ ಎಂಬ ಫ್ರೆಂಚ್ ಎಂಜಿನಿಯರ್ ಮುಖ್ಯನಾದವನು. ಯುರೋಪಿನವರ ಬಾಯಲ್ಲಿ ಆಗ ಈ ಊರು ಮೊಗಡೋರ್.

ನಾನು ಹೋದ ದಿನ ಗಾಳಿ ಎಷ್ಟಿತ್ತೆಂದರೆ, ಟೋಪಿಯನ್ನು ಚೀಲಕ್ಕೆ ಹಾಕಿಕೊಂಡೇ ಕೋಟೆ ಗೋಡೆ ಹತ್ತಿದೆ. ಬೇಸಿಗೆಯಲ್ಲಿ ಇಲ್ಲಿ ದಿನವೂ ಹೀಗೇ ಅಂತೆ. ಮರಳಿನ ಮೇಲೆ ಸುಮ್ನೆ ಮಲಗಲು ಬರುವವರಿಗೆ ಇದು ಊರಲ್ಲ ಬಿಡಿ. ಗೋಡೆಯ ಮೇಲೆ ಸಾಲಾಗಿ ಕಂಚಿನ ಫಿರಂಗಿಗಳು. ಎಷ್ಟೋ ಫಿರಂಗಿ ಸ್ಪೇನಿನಲ್ಲಿ ಎರಕ ಹೊಯ್ದವು. ಅವುಗಳಿದ್ದೂ 1844ರಲ್ಲಿ ಫ್ರೆಂಚ್ ಹಡಗುಗಳು ಊರಿನ ಮೇಲೆ ಗುಂಡು ಹಾರಿಸಿದವು.

ಗೋಡೆಯ ಬುಡದಲ್ಲಿ, ಹಿಂದೆ ಮದ್ದುಗುಂಡು ಇಡುತ್ತಿದ್ದ ಕೋಣೆಗಳಲ್ಲಿ ಈಗ ಬಡಗಿಗಳು ಕೂತಿದ್ದಾರೆ. ಅವರು ಕೆಲಸ ಮಾಡುವುದು ತುಯಾ ಮರದಲ್ಲಿ. ಬೇರಿನ ಗಂಟು ಕೊಯ್ದರೆ ಒಳಗೆಲ್ಲ ಚುಕ್ಕಿ ಚುಕ್ಕಿ, ಕೋಣೆ ತುಂಬ ಘಮ. ಒಬ್ಬ ಹಿರಿಯರು ಡಬ್ಬಿಯ ಮುಚ್ಚಳದ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು ಕೊರೆದು, ಅದರೊಳಗೆ ನಿಂಬೆ ಮರದ ಹಳದಿ ಪಟ್ಟಿ ಕೂರಿಸುತ್ತಿದ್ದರು. ಬೆರಳಿನಿಂದ ಒತ್ತಿ, ಉಗುರಿನಿಂದ ಸವರಿ ನೋಡಿ, ಒಪ್ಪಿಗೆಯಾಗದೆ ತೆಗೆದು ಮತ್ತೆ ಕೂರಿಸಿದರು. ಅವರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಮಧ್ಯಾಹ್ನ ಮೆಲ್ಲಾಕ್ಕೆ ಹೋದೆ. ಅದು ಯಹೂದಿಗಳ ಕೇರಿ. ನನ್ನ ಮಟ್ಟಿಗೆ ಎಸ್ಸಾವಿರಾ ಅರ್ಥವಾಗುವುದು ಅಲ್ಲೇ. ಊರು ಕಟ್ಟಿದ ಸುಲ್ತಾನ ಯಹೂದಿ ವ್ಯಾಪಾರಿ ಮನೆತನಗಳನ್ನು ಕರೆದು ನೆಲೆಗೊಳಿಸಿದ. 'ಸುಲ್ತಾನನ ವರ್ತಕರು' ಎಂದೇ ಅವರಿಗೆ ಹೆಸರು. ಸಹಾರಾ ದಾಟಿ ಬಂದ ಉಷ್ಟ್ರಪಕ್ಷಿಯ ಗರಿ, ದಂತ, ಚಿನ್ನ ಅವರ ಕೈಯಿಂದ ಯುರೋಪಿಗೆ ಹೋಗುತ್ತಿತ್ತು. ಅತ್ತಲಿಂದ ಬಟ್ಟೆ, ಸಕ್ಕರೆ, ಚಹಾ ಬರುತ್ತಿತ್ತು. ಇವತ್ತು ಮೊರಾಕ್ಕೋದ ಮನೆಮನೆಯಲ್ಲೂ ಕುಡಿಯುವ ಪುದೀನ ಚಹಾ ಇದೆಯಲ್ಲ, ಅದಕ್ಕೆ ಬೇಕಾದ ಚೀನಾದ ಸೊಪ್ಪು ಇಂಥ ಬಂದರುಗಳಿಂದಲೇ ಒಳಗೆ ಹೋದದ್ದು. ಬೇಡದ ಸರಕೂ ಬಂತು: ಮರುಭೂಮಿ ದಾಟಿಸಿ ತಂದ ಗುಲಾಮರು. ಅವರ ಸಂತತಿಯ ಗ್ನಾವಾ ಸಂಗೀತಕ್ಕೆ 1998ರಿಂದ ಇಲ್ಲಿ ದೊಡ್ಡ ಉತ್ಸವ ನಡೆಯುತ್ತಿದೆ.

ಆಮೇಲೆ ಹಡಗುಗಳು ದೊಡ್ಡವಾದವು, ಈ ಬಂದರಿಗೆ ಅಷ್ಟು ಆಳವಿರಲಿಲ್ಲ. ಫ್ರೆಂಚರ ಆಳ್ವಿಕೆಯಲ್ಲಿ ಕಾಸಾಬ್ಲಾಂಕಾ ಬಂದರು ಬೆಳೆಯಿತು. 1948ರ ನಂತರ ಯಹೂದಿಗಳು ಇಸ್ರೇಲ್, ಫ್ರಾನ್ಸ್ ಅಂತ ಹೊರಟುಹೋದರು. ಒಂದು ಕಾಲಕ್ಕೆ ಊರಿನ ದೊಡ್ಡ ಪಾಲು ಅವರೇ ಆಗಿದ್ದರು. ಮೆಲ್ಲಾದಲ್ಲಿ ಎಷ್ಟೋ ಮನೆ ಕುಸಿದಿವೆ. ಕೆಲವು ಬಾಗಿಲುಗಳ ನೆತ್ತಿಯ ಕಲ್ಲಿನಲ್ಲಿ ಆರು ಮೂಲೆಯ ನಕ್ಷತ್ರ ಇನ್ನೂ ಇದೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೆರೆಹೊರೆಯಾಗಿ ಬಾಳಿದವರು ಒಂದೇ ತಲೆಮಾರಿನಲ್ಲಿ ಹೀಗೆ ಖಾಲಿಯಾಗುವುದು ಸಣ್ಣ ಮಾತಲ್ಲ ಅಲ್ವಾ?

ರಬ್ಬಿ, ಅಂದರೆ ಯಹೂದಿ ಧರ್ಮಗುರು, ಹಾಯಿಮ್ ಪಿಂಟೊ ಅವರ ಪ್ರಾರ್ಥನಾ ಮಂದಿರದ ಬಾಗಿಲು ತೆರೆದವರು ಒಬ್ಬ ಮುಸ್ಲಿಂ ಹೆಂಗಸು. ಒಳಗೆ ಬಿಳಿ ಗೋಡೆ, ನೀಲಿ ಬಣ್ಣದ ಮರಗೆಲಸ, ಪುಟ್ಟ ಜಾಗ. ರಬ್ಬಿ ತೀರಿಕೊಂಡಿದ್ದು 1845ರಲ್ಲಿ. ಪ್ರತಿವರ್ಷ ಅವರ ಪುಣ್ಯತಿಥಿಗೆ, ಹೆಚ್ಚಾಗಿ ಸೆಪ್ಟೆಂಬರಿನಲ್ಲಿ, ದೇಶ ದೇಶಗಳಿಂದ ಯಹೂದಿಗಳು ಬರುತ್ತಾರೆ. ಆ ತಾಯಿ ಕುರ್ಚಿಗಳ ಧೂಳು ಒರೆಸುತ್ತಲೇ ಹರುಕು ಫ್ರೆಂಚಿನಲ್ಲಿ ಅದನ್ನೆಲ್ಲ ವಿವರಿಸಿದರು. ಆ ದಿನ ಇಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ, ಬರುವುದಾದರೆ ಆಗಲೇ ಬನ್ನಿ ಅಂದರು.